ಬೆಳ್ಳಗಿರುವುದೆಲ್ಲ

ಕಿಟಕಿಯಿಲ್ಲದ ಕೋಣೆ ನಮ್ಮದು.
ಮಾರ್ಕೆಟ್ಟಿನ ಕೊಳೆತ ಚೆಂಡುಹೂವಿನ ವಾಸನೆ ಮಾತ್ರ
ಸೀಸ ಹೊದೆಸಿದ ಬಾಗಿಲಿಗೂ ಜಗ್ಗದೆ ಒಳಗೆ ಬರುತ್ತದೆ.
ಹತ್ತೊಂಬತ್ತು ವರ್ಷ ಇಲ್ಲಿ
ಜನ ನುಂಗುವುದನ್ನು ನೋಡುತ್ತ ನಿಂತಿದ್ದೇನೆ.

ಬೆಳಿಗ್ಗೆ ಬಂದೊಡನೆ ಬೇರಿಯಂ ಕಲೆಸುವುದು.
ಇಡ್ಲಿ ಹಿಟ್ಟಿಗಿಂತ ನೀರು, ಮಜ್ಜಿಗೆಗಿಂತ ಗಟ್ಟಿ,
ಗಂಟಿರಬಾರದು. ಕೈಗೇ ಗೊತ್ತು, ಕಣ್ಣು ಬೇಕಿಲ್ಲ.
ಕೈಗೆ ಗೊತ್ತಿರುವುದೇ ಕೆಲವೊಮ್ಮೆ ಕೇಡು.

ಹೊಂಗಸಂದ್ರದ ಅಕ್ಕಯ್ಯಮ್ಮ. ಅರವತ್ತೆಂಟು.
ದಂಟು, ಕೀರೆ, ಸಬ್ಬಸಿಗೆ ಎಂದು
ಬೀದಿ ಬೀದಿ ಕೂಗಿ ಮಾರಿದ ಗಂಟಲು.
ಆಷಾಢದಲ್ಲಿ ಸಣ್ಣಗೆ ಸ್ಟ್ರೋಕ್ ಹೊಡೆದ ಮೇಲೆ
ನೀರು ಕುಡಿದರೆ ಕೆಮ್ಮು.
ಈ ಭಾನುವಾರ ಕಾಲುಸೂಪಿನಲ್ಲಿ ಒಂದು ಚೂರು ಮೂಳೆ.
ಎದೆಯ ನಡುವೆ ಬೆರಳಿಟ್ಟು ತೋರಿಸಿದಳು:
"ಇಲ್ಲೇ ಸಾರ್, ಮುಳ್ಳು ತುಳಿದಂಗೆ."

ಲೋಟ ಎತ್ತಿದ್ದೆ ಆಗಲೇ.
ಮುಳ್ಳು ಅಂದದ್ದಕ್ಕೆ ಕೈ ನಿಂತಿತು.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ
ನಮ್ಮಜ್ಜಿ ಬೈಯುತ್ತಿದ್ದದ್ದು ಹಾಲಿನವನಿಗೆ.
ಅನ್ನನಾಳ ಹರಿದಿದ್ದರೆ ಈ ಬಿಳಿ
ಹೊರಗೆ ಸೋರಿ, ಸುಣ್ಣ ಬಳಿದ ಹಾಗೆ
ಎದೆಗೂಡಿನಲ್ಲಿ ಕೂತುಬಿಡುತ್ತದೆ.
ಕೂತು ಕೆರಳುತ್ತದೆ.
ಒಬ್ಬ ನನಗೆ ಗೊತ್ತು, ಗವಿಯಪ್ಪ,
ಅವನ ಲೋಟ ಕಲೆಸಿದ್ದು ನಾನೇ.
ವರ್ಷದ ಮೇಲೆ ತೆಗೆದ ಎಕ್ಸ್-ರೇಯಲ್ಲೂ
ಬೆನ್ನೆಲುಬಿನ ಪಕ್ಕ ಆ ದಿನದ ಚುಕ್ಕೆಗಳಿದ್ದವು.

ಹಾಗಾದರೆ ಇನ್ನೊಂದು ಬಾಟಲಿ. ಕಹಿ, ಮೇಲೆ ಸೋಂಪಿನ ವಾಸನೆ.
ಸೋರಿದರೂ ಮೈ ಹೀರಿಕೊಳ್ಳುವ ಅಯೋಡಿನ್.
ಆದರೆ ಇವಳದು ದಾರಿ ತಪ್ಪುವ ಗಂಟಲು.
ತಳ್ಳುಗಾಡಿಯ ಸೌತೆಕಾಯಿಗೆ ಉಪ್ಪು ಹಚ್ಚಿ
ಎರಡು ನಿಮಿಷ ಬಿಟ್ಟು ನೋಡಿ:
ಹಾಗೆ ನೀರೆಳೆಯುತ್ತದೆ ಅದು ಶ್ವಾಸಕೋಶದೊಳಕ್ಕೆ.
ಒಣ ಹಾಸಿಗೆಯ ಮೇಲೆ ಮಲಗಿದ್ದೇ ಮುಳುಗಬಹುದು.

ಬಾಯಲ್ಲಿ ಬಿಸಿತುಪ್ಪ, ಈಗ ನನಗೆ.

ಡಾಕ್ಟರ್ ಫಿಲೋಮಿನಾ ಏಪ್ರನ್ ಬಿಗಿಯುತ್ತ
ನನ್ನನ್ನಲ್ಲ, ಅವಳನ್ನು ಕೇಳಿದರು:
ಮೊದಲು ಸ್ಕ್ಯಾನಿಗೆ ಔಷಧ ಕೊಟ್ಟಾಗ ಮೈ ದದ್ದೆದ್ದಿತ್ತಾ?
ಥೈರಾಯ್ಡ್ ಇದೆಯಾ?
ಆಮೇಲೆ ನನ್ನ ಕಡೆ ತಿರುಗಿ, "ಮೂರನೇದು ತರಿಸಿ."

ಅದೂ ಅಯೋಡಿನ್ನೇ, ಆದರೆ ನೆತ್ತರಿನ ಹದಕ್ಕೆ ಹತ್ತಿರ,
ಎಲ್ಲಿ ಚೆಲ್ಲಿದರೂ ಅಷ್ಟಾಗಿ ಜಗಳಕ್ಕೆ ನಿಲ್ಲುವುದಿಲ್ಲ.
ನಮ್ಮ ಕಪಾಟಿನಲ್ಲಿ ಇರಲಿಲ್ಲ.
ಮಗಳು ಜಯಶೀಲಾ ಚೀಟಿ ಹಿಡಿದು
ಫ್ಲೈಓವರ್ ಕೆಳಗೆ ಓಡಿದಳು.
ನಲವತ್ತು ನಿಮಿಷ. ಬೆಂಚಿನ ಮೇಲೆ ಹನ್ನೊಂದು ಜನರ ಗೊಣಗು.
ಸುಮ್ಮನೆ ನಿಲ್ಲುವುದೂ ಕೆಲಸವೇ ಎಂದು
ಯಾವ ಕೋರ್ಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಬಂತು. ಗೇಣುದ್ದವೂ ಇಲ್ಲದ ಸೀಸೆ.
ಅಕ್ಕಯ್ಯಮ್ಮ ಬೆಳಕಿಗೆ ಹಿಡಿದು ನೋಡಿ
"ಇಷ್ಟು ನೀರಿಗೆ ಎಂಟುನೂರಾ?
ಎರಡು ದಿನದ ಸೊಪ್ಪು ಕಣಪ್ಪಾ" ಅಂದಳು.

ದೀಪ ಆರಿಸಿದೆ.
ಒಂದೇ ಒಂದು ಚಮಚ ಮೊದಲು. ನುಂಗಿ ಅಮ್ಮ.
ಪರದೆಯಲ್ಲಿ ಎಲ್ಲ ತಿರುಗುಮುರುಗು,
ಇಲ್ಲಿ ಬಣ್ಣವಿಲ್ಲದ್ದು ಅಲ್ಲಿ ಕಪ್ಪು.
ಒಂದು ಎಳೆ ನಾಲಗೆಯ ಬುಡ ದಾಟಿತು,
ಉಸಿರಿನ ದಾರಿಯ ಕಡೆ ಚೂರು ಹೊರಳಿತು.
ಉಸಿರು ಹಿಡಿದದ್ದು ನಾನು,
ಅವಳು ಕೆಮ್ಮಲೂ ಇಲ್ಲ.
ಮಿಕ್ಕದ್ದು ಕೆಳಗಿಳಿದು, ಬೆರಳಿಟ್ಟು ತೋರಿಸಿದಲ್ಲೇ,
ನಾಳದ ಗೋಡೆಯಾಚೆ
ಜಿರಲೆ ಮೀಸೆಯಷ್ಟು ಒಂದು ಗೆರೆ.

"ಸಿಹಿ ಹಾಕಿದ್ರೆ ಏನಾಗ್ತಿತ್ತು?" ಕತ್ತಲಲ್ಲಿ ಅವಳ ದನಿ.
ಡಾಕ್ಟರ್ ಆಗಲೇ ಸರ್ಜರಿಗೆ ಫೋನ್ ಹಚ್ಚಿದ್ದರು.

ಮೂರು ಗಂಟೆಗೆ ಥಿಯೇಟರಿಗೆ ಒಯ್ದರು.
ಮುಂದಿನದು ತಿಳಿಯದು.
ನಮ್ಮ ಕೋಣೆಗೆ ಯಾವ ಕತೆಯೂ ಪೂರ್ತಿ ಬರುವುದಿಲ್ಲ.

ಸಂಜೆ, ಬೆಳಿಗ್ಗೆ ಕಲೆಸಿಟ್ಟ ಲೋಟ ಚೆಲ್ಲಿದೆ.
ಸಿಂಕಿಗೆ ಅಂಟಿದ ಬಿಳಿ ಎರಡು ಸಲ ಉಜ್ಜಿದರೂ ಬಿಡಲಿಲ್ಲ.
ರಿಜಿಸ್ಟರ್ ತೆರೆದರೆ, ಔಷಧದ ಕಾಲಮ್ಮಿನಲ್ಲಿ
ಪ್ರತಿ ಸಾಲಿಗೂ ಅಚ್ಚಾಗಿಯೇ ಬಂದಿದೆ:
ಬೇರಿಯಂ, ಬೇರಿಯಂ, ಬೇರಿಯಂ.
ಅವಳ ಸಾಲಿನದಕ್ಕೆ ಅಡ್ಡಗೆರೆ ಎಳೆದು
ಮೇಲೆ, ಸಿಕ್ಕ ಜಾಗದಲ್ಲಿ,
ಇನ್ನೊಂದು ಹೆಸರು ಬರೆದೆ.